ಅರ್ಧ ಕಾಲಿನ ಮಾಲೀಕ

ಕುದುರೆಗೆ ನಾಲ್ಕು ಕಾಲು. ಅವುಗಳಲ್ಲಿ ಒಂದರ ಅರ್ಧ ನನ್ನದಾಗಿತ್ತು. ನಾಲ್ವರು ಸೇರಿ ಕೊಂಡಿದ್ದ ರೇಸ್ ಕುದುರೆಯಲ್ಲಿ ಯಾರ ಪಾಲು ಎಷ್ಟೆಂಬುದನ್ನು ನಾವು ಕಾಲುಗಳ ಲೆಕ್ಕದಲ್ಲೇ ಹೇಳಿಕೊಳ್ಳುತ್ತಿದ್ದೆವು. ಮೂಡಿಗೆರೆ ಕಡೆಯ ದೊಡ್ಡ ಎಸ್ಟೇಟಿನ ಗೌಡರದು ಎರಡು ಕಾಲು. ಚಿಕ್ಕಮಗಳೂರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಶೆಟ್ಟರದು ಒಂದು. ಉಳಿದ ಒಂದನ್ನು ಕೊಟ್ಟಿಗೆಹಾರದ ಬಳಿ ಸಣ್ಣ ತೋಟ ಮಾಡಿಕೊಂಡಿದ್ದ ನಾನೂ, ಗದ್ದೆ ಅಡಿಕೆಯ ಜೊತೆಗೆ ಒಂದಿಷ್ಟು ಕಾಫಿ ಇದ್ದ ಸಂಸೆಯ ಬೆಳೆಗಾರರೊಬ್ಬರೂ ಅರ್ಧರ್ಧ ಹಂಚಿಕೊಂಡಿದ್ದೆವು. ಆ ಕಾಲು ಮುಂದಿನ ಎಡಗಾಲು ಎಂದು ಶೆಟ್ಟರು ತಮಾಷೆಗೆ ನಿಗದಿ ಮಾಡಿಬಿಟ್ಟಿದ್ದರು. ಕುದುರೆ ಸೋತಾಗಲೆಲ್ಲ ಫೋನಿನಲ್ಲಿ ಅವರದು ಒಂದೇ ಮಾತು: "ನನ್ ಕಾಲು ಸರಿಯಾಗೇ ಓಡಿದೆ ಕಣ್ರೀ. ನಿಮ್ಮದೇ ಯಾಕೋ ಹಿಂದೆ ಬೀಳ್ತಾ ಇದೆ."

ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟು ನಮ್ಮಲ್ಲಿ ಕಾಫಿಗೆ ಬೆಲೆ ಏರಿದ, ತೊಂಬತ್ತರ ದಶಕದ ನಡುವಿನ ವರ್ಷಗಳವು. ಕೈಯಲ್ಲಿ ಹಣ ಓಡಾಡಿದಾಗ ಕೆಲವರು ಜೀಪು ಕೊಂಡರು, ಕೆಲವರು ಮನೆಗೆ ಮಹಡಿ ಎತ್ತಿದರು. ಬೆಳೆಗಾರರ ಸಭೆಯೊಂದು ಮುಗಿದ ಮೇಲೆ ಕಾಫಿ ಕುಡಿಯುತ್ತ ಗೌಡರು ಕುದುರೆಯ ಪ್ರಸ್ತಾಪವೆತ್ತಿದಾಗ ನಾನು ಅದನ್ನು ತಕ್ಷಣ ವಿರೋಧಿಸಿದೆ. ರೇಸೆಂಬುದು ಜೂಜು, ಮಾಲೀಕರ ಗ್ಯಾಲರಿಯೆಂಬುದು ಹುಟ್ಟಿನಿಂದ ದೊಡ್ಡವರಾದವರ ಪಡಸಾಲೆ. ಆದರೆ ನಾನು ಕಾಲೇಜಿನ ಚರ್ಚಾಕೂಟದಲ್ಲಿ ಬೆಳೆದವನು. ಒಂದು ವಿಷಯವನ್ನು ಎರಡೂ ಕಡೆಯಿಂದ ವಾದಿಸಬಲ್ಲವನಿಗೆ ಮಾತ್ರ ಅದರ ಮೇಲೆ ಅಭಿಪ್ರಾಯ ಹೊಂದುವ ಹಕ್ಕಿದೆ ಎಂದು ನಮ್ಮ ಮೇಷ್ಟರು ಕಲಿಸಿದ್ದರು. ಮುಂದಿನ ವಾರ ನಾನೇ ನನ್ನ ವಿರುದ್ಧ ವಾದಿಸಿ ಗೆದ್ದೆ. ಹೊರಗೆ ನಿಂತು ಬೈಯುವುದರಿಂದ ಯಾವ ವ್ಯವಸ್ಥೆಯೂ ತಿದ್ದಿಕೊಳ್ಳುವುದಿಲ್ಲ. ಒಳಗೆ ಹೋಗಿ, ನ್ಯಾಯವಾದ ಕರಾರಿನ ಮೇಲೆ ಒಂದು ಕುದುರೆಯನ್ನು ಸಾಕಿ ತೋರಿಸಬೇಕು ಎಂದು ನನಗೆ ತೋರಿತು. ಸರ್ಕಾರಕ್ಕೇ ಒಪ್ಪಿಸಬೇಕಿದ್ದ ಕಾಫಿಯನ್ನು ಬೆಳೆಗಾರ ತಾನೇ ಮಾರುವಂತಾಗಬೇಕೆಂದು ಊರೂರು ತಿರುಗಿ ಭಾಷಣ ಮಾಡಿದ್ದವನು ನಾನು. ಆ ಮಾತು ಕೊನೆಗೂ ನಡೆದಿತ್ತು. ಹಾಗಾಗಿ, ಸರಿಯಾಗಿ ಆಡಿದ ಮಾತು ನಡೆದೇ ನಡೆಯುತ್ತದೆ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು.

ಕರಾರನ್ನು ನಾನೇ ಬರೆದೆ. ಮಾಲೀಕರಲ್ಲಿ ಯಾರೂ ಬಾಜಿ ಕಟ್ಟಕೂಡದು ಎಂಬುದನ್ನು ಓದಿದಾಗ ಶೆಟ್ಟರು, "ಮತ್ತೆ ರೇಸಿಗೆ ಯಾಕೆ ಹೋಗೋದು, ಗಾಳಿ ಕುಡಿಯಕ್ಕಾ?" ಎಂದರು, ಆದರೂ ಒಪ್ಪಿದರು. ಎಷ್ಟು ಕಾಲಿದ್ದರೂ ತೀರ್ಮಾನದಲ್ಲಿ ಒಬ್ಬ ಮನುಷ್ಯನಿಗೆ ಒಂದೇ ಮಾತು ಎಂಬುದನ್ನು ಕೇಳಿ ಗೌಡರು ಬಹಳ ಹೊತ್ತು ನಕ್ಕರು, ಅವರೂ ಒಪ್ಪಿದರು.

ಸಂಸೆಯವರು ಮಾತ್ರ ನಗಲಿಲ್ಲ. ಅವರು ಕಡಿಮೆ ಮಾತಿನ ಮನುಷ್ಯ. ದೊಡ್ಡವರ ಜೊತೆ ಸಣ್ಣ ಬೆಳೆಗಾರನೂ ಸಮನಾಗಿ ಕೂರಬೇಕೆಂದು ಅವರನ್ನು ಈ ವ್ಯವಹಾರಕ್ಕೆ ಕರೆತಂದವನು ನಾನೇ. ಕರಾರನ್ನೆಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಇಷ್ಟೇ: "ಅದು ಓಡದೆ ಹೋದ್ರೆ ಏನ್ ಮಾಡ್ತಾರೆ ಮಾರಾಯ್ರೇ?"

ನನಗೆ ಗೊತ್ತಿದ್ದುದನ್ನು ಹೇಳಿದೆ. ಮಾರುತ್ತಾರೆ, ಗಾಡಿಗೋ ಮದುವೆಯ ಮೆರವಣಿಗೆಗೋ ಹೋಗುತ್ತದೆ, ಹೆಚ್ಚು ಪೆಟ್ಟಾಗಿದ್ದರೆ ಮುಗಿಸುತ್ತಾರೆ. ಅವರ ಮುಖ ನೋಡಿ ಅಲ್ಲೇ, ನಿಂತ ಹಾಗೆಯೇ, ಇನ್ನೊಂದು ನಿಯಮ ಸೇರಿಸಿದೆ. ನಾವು ಕೊಳ್ಳಲಿದ್ದ ಹೆಣ್ಣು ಕುದುರೆಯನ್ನು ಮಾರಲು, ಅವಳ ಜೀವ ಮುಗಿಸಲು, ಅಥವಾ ಈ ಪಾಲುದಾರಿಕೆಯನ್ನೇ ವಿಸರ್ಜಿಸಲು ನಾಲ್ವರ ಒಪ್ಪಿಗೆಯೂ ಬೇಕು. ಒಬ್ಬರು ಬೇಡವೆಂದರೂ ಆಗದು. ಓಡುವವರೆಗೆ ಮಾತ್ರ ನಮ್ಮವಳಾಗಿದ್ದರೆ ಅವಳು ನಮ್ಮವಳೇ ಅಲ್ಲ ಎಂದು ಅದಕ್ಕೊಂದು ಪುಟ್ಟ ಭಾಷಣವನ್ನೂ ಮಾಡಿದೆ. ನಾನು ಆಡಿದ ಮಾತುಗಳಲ್ಲಿ ಅಷ್ಟು ಚೆನ್ನಾಗಿ ಕೂತದ್ದು ಬಹುಶಃ ಬೇರೊಂದಿಲ್ಲ. ಸಂಸೆಯವರು ಸಹಿ ಹಾಕಿದರು. ಕರಾರಿನ ಒಂದು ಪ್ರತಿ ಕುದುರೆಯನ್ನು ಇಟ್ಟುಕೊಂಡು ಪಳಗಿಸಲಿದ್ದ ಬೆಂಗಳೂರಿನ ಟ್ರೇನರ್ ಕೈ ಸೇರಿತು.

ಅವಳು ಕೆಂಗಂದು ಬಣ್ಣದ, ಸಣ್ಣ ಮೈಕಟ್ಟಿನ ಹೆಣ್ಣು. ಮುಂಗಾಲಿನ ಪಾದ ತುಸು ಒಳಕ್ಕೆ ತಿರುಗಿದ್ದರಿಂದ ನಮ್ಮಂಥವರಿಗೆ ಎಟುಕುವ ಬೆಲೆಗೆ ಸಿಕ್ಕಿದ್ದಳು. ಬೆಂಗಳೂರಿನಲ್ಲಿ ಓಡುವ ದಿನ ನಾನು ಕೊಟ್ಟಿಗೆಹಾರದ ಎಸ್‌ಟಿಡಿ ಬೂತಿನ ಬೆಂಚಿನ ಮೇಲೆ ಕೂತಿರುತ್ತಿದ್ದೆ; ಮರುದಿನದ ಪತ್ರಿಕೆಯಲ್ಲಿ ಫಲಿತಾಂಶದ ಚಿಕ್ಕ ಅಕ್ಷರಗಳಲ್ಲಿ ಅವಳ ಹೆಸರನ್ನು ಹುಡುಕುತ್ತಿದ್ದೆ. ಗೆದ್ದದ್ದು ಒಂದೇ ಸಲ, ಮೈಸೂರಿನಲ್ಲಿ, ಅತ್ಯಂತ ಕೆಳದರ್ಜೆಯ ರೇಸಿನಲ್ಲಿ. ಅಂದು ನಾನಿದ್ದೆ. ಬೆವರಿನಿಂದ ಕಪ್ಪಾಗಿದ್ದ ಅವಳ ಕೊರಳಿನ ಮೇಲೆ ಕೈಯಿಟ್ಟಾಗ ಒಳಗಿನ ಬಡಿತ ನನ್ನ ಮೊಣಕೈವರೆಗೂ ಬಂದಿತ್ತು. ಗೌಡರು ಆ ದಿನದ ಫೋಟೋ ಎಲ್ಲರಿಗೂ ಒಂದೊಂದು ಮಾಡಿಸಿಕೊಟ್ಟರು. ಸಂಸೆಯವರು ಬಂದಿರಲಿಲ್ಲ. ಅವರು ಒಮ್ಮೆಯೂ ಬಂದವರಲ್ಲ. ಆ ಫೋಟೋದ ಹೊರತು ಅವಳನ್ನು ಕಂಡವರೇ ಅಲ್ಲ. ಆದರೆ ಕಳಸದ ಸಂತೆಯಲ್ಲಿ ಸಿಕ್ಕಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, "ಹುಡುಗಿ ಹ್ಯಾಗಿದಾಳೆ?" ಎಂದು.

ಒಂದು ಆಷಾಢದಲ್ಲಿ ಬೆಳಗಿನ ಓಟದ ಅಭ್ಯಾಸ ಮುಗಿಸಿ ಬರುವಾಗ ಅವಳು ಕುಂಟಿದಳು. ಮುಂದಿನ ಎಡಗಾಲು. ಶೆಟ್ಟರ ಹಳೆಯ ತಮಾಷೆ ಎಲ್ಲರಿಗೂ ನೆನಪಿತ್ತು, ಯಾರೂ ಆಡಲಿಲ್ಲ. ಮೊದಲು ವಾಸಿಯಾಗುತ್ತದೆ ಎಂದರು. ಆದರೆ ಆ ಕಾಲನ್ನು ಊರಲಾರದೆ ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಹೊತ್ತು ನಿಂತೂ ನಿಂತೂ, ಕೆಲವು ವಾರಗಳಲ್ಲಿ ಬಲಗಾಲಿನ ಗೊರಸೂ ಕೆಟ್ಟಿತು. ಗೊರಸಿನೊಳಗಿನ ಎಲುಬು ಬಿಟ್ಟುಕೊಂಡು ಕೆಳಕ್ಕೆ ಇಳಿಯುತ್ತಿದೆ, ಇನ್ನು ಇದು ವಾಸಿಯಾಗುವುದಿಲ್ಲ, ಒಂದು ಇಂಜೆಕ್ಷನ್ ಕೊಟ್ಟು ಮಲಗಿಸುವುದೇ ದಯೆ ಎಂದು ಪಶುವೈದ್ಯರು ಹೇಳಿದರು. ನಾಲ್ವರ ಸಹಿ ಬರದೆ ತಾನು ಮುಂದುವರಿಯುವುದಿಲ್ಲ ಎಂದು ಟ್ರೇನರ್ ಹೇಳಿದರು. ಗೌಡರು ಅಂದೇ ಸಹಿ ಕಳಿಸಿದರು. ಶೆಟ್ಟರು ಸಹಿ ಹಾಕಿ, ಅಂಗಡಿಯ ಬಾಗಿಲೆಳೆದು ಮನೆಗೆ ಹೋದರಂತೆ.

ಪುರಾವೆಯಿಲ್ಲದೆ ಒಪ್ಪುವುದು ನನ್ನ ಅಭ್ಯಾಸವಲ್ಲ. ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ಅವಳು ಲಾಯದಲ್ಲಿ ಮರದ ಹೊಟ್ಟಿನ ಮೇಲೆ ಮಲಗಿದ್ದಳು. ನನ್ನ ಸದ್ದಿಗೆ ಏಳಲು ನೋಡಿದಳು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಹಿಂಗಾಲಿನ ಮೇಲೆ ಭಾರ ಹಾಕಿ, ಅರ್ಧ ಎದ್ದು, ನಿಂತ ಮೇಲೆ ನಡುಗಿದಳು. ಓಡದೆಯೇ ಮೈ ಬೆವರಿತ್ತು. ಒಂದು ಕಾಲೆತ್ತಿ ಇಡುವಳು, ಅದರ ಮೇಲೆ ನಿಲ್ಲಲಾರದೆ ಇನ್ನೊಂದನ್ನೆತ್ತುವಳು; ಕಾದ ನೆಲದ ಮೇಲೆ ನಿಂತವರಂತೆ. ಕೊರಳಿನ ಮೇಲೆ ಕೈಯಿಟ್ಟೆ. ಅವಳಿಗೆ ನನ್ನ ಗುರುತಿರಲು ಕಾರಣವಿಲ್ಲ. ನಾನು ಅಲ್ಲೇ ಸಹಿ ಹಾಕಿದೆ.

ಉಳಿದದ್ದು ಸಂಸೆ. ಬೆಂಗಳೂರಿನಿಂದ ಸೀದಾ ಅಲ್ಲಿಗೆ ಹೊರಟೆ. ಕಳಸ ದಾಟಿದ ಮೇಲೆ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತು. ಜೀಪೊಂದರಲ್ಲಿ ಜಾಗ ಹಿಡಿದೆ. ದಾರಿಯುದ್ದಕ್ಕೂ ವಾದವನ್ನು ಸಜ್ಜುಗೊಳಿಸಿದೆ. ನೋವೆಂದರೇನು, ದಯೆಯೆಂದರೇನು, ಬದುಕಿಸುವುದಕ್ಕೂ ಸಾಯಲು ಬಿಡದಿರುವುದಕ್ಕೂ ಇರುವ ಅಂತರವೇನು. ಅವರು ಎತ್ತಬಹುದಾದ ಪ್ರತಿಯೊಂದು ಆಕ್ಷೇಪಕ್ಕೂ ಉತ್ತರ ಸಿದ್ಧವಿತ್ತು. ಅಷ್ಟು ತಯಾರಿಯಿಂದ ನಾನು ಯಾವ ವೇದಿಕೆಯನ್ನೂ ಏರಿದವನಲ್ಲ.

ಜಗುಲಿಯ ಗೋಡೆಯಲ್ಲಿ, ರೇಡಿಯೋದ ಮೇಲ್ಗಡೆ, ಮೈಸೂರಿನ ಫೋಟೋ ಇತ್ತು. ಅದರ ಪಕ್ಕದಲ್ಲಿ ಹಾರ ಹಾಕಿದ್ದ ಇನ್ನೊಂದು ಫೋಟೋ. ಯಾರೆಂದು ನಾನು ಕೇಳಲಿಲ್ಲ. ಅವರು ಒಂದು ಸಲವೂ ಅಡ್ಡಬಾಯಿ ಹಾಕದೆ ನನ್ನ ಮಾತನ್ನೆಲ್ಲ ಕೇಳಿದರು.

"ಮಾರಾಯ್ರೇ, ನೀವು ಹೇಳಿದ್ದೆಲ್ಲ ಸರಿ ಇದೆ. ಇಂಥಾ ಕಡೆ ತಪ್ಪು ಅಂತ ಹೇಳಕ್ಕೆ ನಂಗೆ ಬರಲ್ಲ," ಎಂದರು. ಆಮೇಲೆ ಹಾರದ ಫೋಟೋದತ್ತ ನೋಡಿದರು. "ನಮ್ಮಣ್ಣ ಘಟ್ಟದ ಕೆಳಗೆ ಆಸ್ಪತ್ರೇಲಿ ಮಲಗಿದ್ದಾಗ ಡಾಕ್ಟ್ರೂ ಹೀಗೇ ಎದುರಿಗೆ ಕೂತು ಹೇಳಿದ್ರು. ಉಸಿರಾಟದ ಮಿಷನ್ ತೆಗೆಯೋದೇ ಒಳ್ಳೇದು, ನೀವು ಹ್ಞೂಂ ಅನ್ನಿ ಅಂತ. ಅವ್ರು ಹೇಳಿದ್ದೂ ಸರಿಯಾಗೇ ಇತ್ತು. ನಾನು ಹ್ಞೂಂ ಅಂದೆ. ಅಂಥಾ ಹ್ಞೂಂ ಒಬ್ಬ ಮನುಷ್ಯನ ಹತ್ರ ಒಂದೇ ಇರೋದು. ನಂದು ಖರ್ಚಾಗಿದೆ."

ಈ ಆಕ್ಷೇಪ ನನ್ನ ತಯಾರಿಯಲ್ಲಿ ಇರಲಿಲ್ಲ. ಬೇರೆ ದಾರಿ ಕಾಣದೆ, ಒಮ್ಮೆ ನನ್ನ ಜೊತೆ ಬಂದು ಅವಳನ್ನು ನೋಡಿ, ಆಮೇಲೆ ಏನು ತೋಚುತ್ತದೋ ಹೇಳಿ ಎಂದು ಕೇಳಿಕೊಂಡೆ.

"ನೋಡಿದ್ರೆ ಹ್ಞೂಂ ಅಂದ್‌ಬಿಡ್ತೀನಿ," ಎಂದರು. "ಅದಕ್ಕೇ ಬರಲ್ಲ."

ಅವರ ಹೆಂಡತಿ ಬಡಿಸಿದ ಊಟವನ್ನು ಇಬ್ಬರೂ ಉಂಡೆವು. ಹೊರಡುವಾಗ ರಸ್ತೆಯವರೆಗೂ ಬಂದು ಜೀಪು ಹತ್ತಿಸಿದರು. ನನ್ನ ಮೇಲೆ ಅವರಿಗೆ ಕೋಪವಿರಲಿಲ್ಲ. ಇದ್ದಿದ್ದರೆ ಹಿಡಿದು ಎಳೆಯಲು ಒಂದು ಎಳೆಯಾದರೂ ಸಿಗುತ್ತಿತ್ತು.

ಮಾರನೆಯ ಬೆಳಗ್ಗೆ ನಾನು ಗೌಡರ ಎಸ್ಟೇಟಿಗೆ ಹೋದೆ. ಅವರು ಆಫೀಸಿನ ಮುಂದೆ ನಿಂತು ಲೆಕ್ಕ ಬರೆಯುವ ರೈಟರಿಗೂ ಮೇಸ್ತ್ರಿಗೂ ಆ ದಿನದ ಕೆಲಸ ಹೇಳುತ್ತಿದ್ದರು. ಅವರಿಬ್ಬರೂ ಹೋಗುವವರೆಗೆ ಕಾದು, ಜೀವಮಾನದಲ್ಲಿ ಯಾರಲ್ಲೂ ಕೇಳದಿದ್ದುದನ್ನು ಕೇಳಿದೆ. ನೀವು ಎರಡು ಕಾಲಿನವರು. ಟ್ರೇನರಿಗೆ ನೀವೊಬ್ಬರು ಗದರಿಸಿ ಹೇಳಿದರೆ ಅವರು ಮೀರುವುದಿಲ್ಲ. ಆ ಕಾಗದವನ್ನು ಬದಿಗಿಡಿ. ನಿಮ್ಮ ಅಪ್ಪನ ಕಾಲದಲ್ಲಿ ಹೇಗೆ ನಡೆಯುತ್ತಿತ್ತೋ ಹಾಗೆಯೇ, ಒಂದು ಮಾತು ಹೇಳಿಬಿಡಿ.

ಗೌಡರು ಈ ಸಲ ನಗಲಿಲ್ಲ. "ಸಂಸೆಯ ಆ ಎಂಟೆಕರೆಯವನಿಗೂ ನಂಗೂ ಒಂದೇ ಮಾತು ಅಂದೋನು ನೀನು. ಆವತ್ತು ನಗು ಬಂತು, ಆದ್ರೂ ಸೈನ್ ಹಾಕ್ದೆ. ಈಗ ನಂಗೆ ಬೇಕಾದಾಗ ಅವನ ಮಾತು ಲೆಕ್ಕಕ್ಕಿಲ್ಲ ಅಂದ್ರೆ, ನಾಳೆ ಸಭೇಲಿ ನಿಂತು ನೀನೇ ನನ್ನ ಬೈತೀಯ."

"ನಾನು ಬೈಯಲ್ಲ ಗೌಡ್ರೇ."

"ಅದು ಇನ್ನೂ ಕೆಟ್ಟದ್ದು ಮಾರಾಯ," ಎಂದರು.

ಅದು ಹಟವಾಗಿತ್ತೋ, ಮಾತಿಗೆ ತಪ್ಪದ ಅಭಿಮಾನವಾಗಿತ್ತೋ, ಇಲ್ಲ ಎರಡು ಕಾಲಿದ್ದೂ ಆ ಭಾರವನ್ನು ತಾವೊಬ್ಬರೇ ಹೊರಲು ಅಂಜಿದ್ದರೋ, ನನಗೆ ಇಂದಿಗೂ ತಿಳಿಯದು. ಅವರ ಕಣ್ಣು ಕೆಂಪಾಗಿತ್ತು. ಸಂಸೆಗೆ ಇನ್ನೊಮ್ಮೆ ಹೋಗಿ ಬಾ, ಬೇಕಾದರೆ ಜೀಪು ಕಳಿಸುತ್ತೇನೆ ಎಂದರು. ನಾನು ಜೀಪಿನಲ್ಲೇ ಹೋದೆ. ಸಂಸೆಯವರು ಮನೆಯಲ್ಲಿರಲಿಲ್ಲ, ಗದ್ದೆಗೆ ಹೋಗಿದ್ದಾರೆ ಎಂದರು. ಸಂಜೆಯವರೆಗೆ ಜಗುಲಿಯಲ್ಲಿ ಕೂತೆ. ನಾನು ಎದ್ದು ಹೊರಟ ಮೇಲೆಯೇ ಅವರು ಮನೆಗೆ ಬಂದಿರಬೇಕು.

ನಂತರದ ದಿನಗಳಲ್ಲಿ ನಾನು ಕೊಟ್ಟಿಗೆಹಾರದ ಬೂತಿನ ಬೆಂಚನ್ನು ಬಿಟ್ಟು ಏಳಲಿಲ್ಲ ಎಂದೇ ಹೇಳಬೇಕು. ಟ್ರೇನರ್ ಪ್ರತಿದಿನ ಒಂದೇ ಪ್ರಶ್ನೆ ಕೇಳುತ್ತಿದ್ದರು, ಸಹಿ ಬಂತೇ ಎಂದು. ನಾನೂ ಒಂದೇ ಪ್ರಶ್ನೆ ಕೇಳುತ್ತಿದ್ದೆ, ನೋವು ಹೇಗಿದೆ ಎಂದು. ನೋವಿನ ಔಷಧಿ ಕೊಡುತ್ತಿದ್ದೇವೆ, ಮೊದಲಿನಷ್ಟು ನಾಟುತ್ತಿಲ್ಲ ಎನ್ನುತ್ತಿದ್ದರು. ಹುಲ್ಲು ಮುಟ್ಟುವುದನ್ನು ಬಿಟ್ಟಳು. ಮಲಗಿ ಮಲಗಿ ಸೊಂಟದ ಮೂಳೆಯ ಮೇಲೆ ಹುಣ್ಣಾಯಿತು. ಒಂದು ಬೆಳಗ್ಗೆ ಅವರು ಪ್ರಶ್ನೆ ಕೇಳಲಿಲ್ಲ. ನಾನು ವಿಷಯವನ್ನು ಅರ್ಥ ಮಾಡಿಕೊಂಡು, ದುಡ್ಡು ಕೊಟ್ಟು, ಬೂತಿನಿಂದ ಹೊರಗೆ ಬಂದೆ. ಚಾರ್ಮಾಡಿಗೆ ಇಳಿಯುವ ಬಸ್ಸುಗಳು ಸಾಲಾಗಿ ನಿಂತಿದ್ದವು; ಜನ ಇಳಿದು ನೀರ್‌ದೋಸೆ ತಿನ್ನುತ್ತಿದ್ದರು.

ಸಂಸೆಯವರಿಗೆ ಫೋನಿರಲಿಲ್ಲ. ಸುದ್ದಿಯನ್ನು ನಾನೇ ಹೋಗಿ ಹೇಳಿದೆ.

"ತಾನಾಗೇ ಹೋಯ್ತಾ?" ಎಂದು ಕೇಳಿದರು.

ಹೌದು ಎಂದೆ.

"ನೋವಿತ್ತಾ?"

ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳನ್ನು ದಯೆಯೆಂದು ವಾದಿಸುವ ಶಕ್ತಿ ಆಗ ನನ್ನಲ್ಲಿ ಉಳಿದಿರಲಿಲ್ಲ. ಇತ್ತು ಎಂದೆ. ಅವರು ತಲೆಯಾಡಿಸಿದರು. ಗೋಡೆಯ ಕಡೆ ನೋಡಲಿಲ್ಲ. ಕಾಫಿ ತರುವಂತೆ ಒಳಗೆ ಹೇಳಿ, ಈ ವರ್ಷ ಅಡಿಕೆಗೆ ಕೊಳೆರೋಗ ಜಾಸ್ತಿ ಎಂದರು. ಕಳಸದ ಸಂತೆಯಲ್ಲಿ ಆಮೇಲೂ ಎಷ್ಟೋ ಸಲ ಭೇಟಿಯಾದೆವು. ಅವರು ನನ್ನ ಕ್ಷೇಮ ಕೇಳುತ್ತಿದ್ದರು.

ಹೊಸ ಶತಮಾನ ಬರುವ ಹೊತ್ತಿಗೆ ಕಾಫಿಯ ಬೆಲೆ ಕುಸಿಯಿತು. ಗೌಡರು ಎಸ್ಟೇಟಿನ ಒಂದು ಭಾಗವನ್ನು ಮಾರಿದರು. ರೇಸಿನ ಮಾತೆತ್ತುವುದನ್ನು ಅದಕ್ಕೂ ಮುಂಚೆಯೇ ಬಿಟ್ಟಿದ್ದರು. ಶೆಟ್ಟರು ತೀರಿಕೊಂಡರು. ತಮ್ಮ ತಂದೆಗೆ ಒಂದು ಕುದುರೆಗಾಲು ಇತ್ತೆಂಬುದು ಅವರ ಮಕ್ಕಳಿಗೆ ಗೊತ್ತಿದೆಯೋ ಇಲ್ಲವೋ. ನಾನು ಸಭೆಗಳಿಗೆ ಹೋಗುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಯುವಕರು ಎದ್ದು ನಿಂತು ಎಲ್ಲರಿಗೂ ಸಮನಾದ ಮಾತಿರಬೇಕು ಎಂದಾಗ ಚಪ್ಪಾಳೆ ತಟ್ಟುತ್ತೇನೆ. ಆ ಮಾತು ತಪ್ಪೆಂದು ನನಗೆ ಈಗಲೂ ಅನ್ನಿಸಿಲ್ಲ. ನಾನು ಬರೆದ ಕರಾರಿನ ಒಂದೊಂದು ಸಾಲನ್ನೂ ಎರಡೂ ಪಕ್ಷದಿಂದ ಎಷ್ಟೋ ಸಲ ವಾದಿಸಿ ನೋಡಿದ್ದೇನೆ; ದೋಷ ಸಿಕ್ಕಿಲ್ಲ. ಸಿಕ್ಕಿದ್ದರೆ ಅದನ್ನು ತಿದ್ದಿಕೊಂಡು ಬದುಕಬಹುದಿತ್ತು.

ಪಾಲುದಾರಿಕೆಯನ್ನು ವಿಸರ್ಜಿಸಲೂ ನಾಲ್ವರ ಒಪ್ಪಿಗೆ ಬೇಕೆಂದು ಬರೆದಿದ್ದೆನಲ್ಲ. ಅವಳು ಹೋದ ಮೇಲೆ ಆ ಒಪ್ಪಿಗೆಯನ್ನು ಯಾರೂ ಯಾರಲ್ಲೂ ಕೇಳಲಿಲ್ಲ. ಸಂಸೆಯವರ ಬಳಿ ಹೋಗಿ ಇನ್ನೊಂದು ಹ್ಞೂಂ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ಈಗ ಶೆಟ್ಟರೂ ಇಲ್ಲದ್ದರಿಂದ ಅದು ಇನ್ನು ಸಾಧ್ಯವೂ ಇಲ್ಲ. ನಿಯಮದ ಪ್ರಕಾರ ನೋಡಿದರೆ ಅವಳು ಇಂದಿಗೂ ನಮ್ಮವಳೇ, ಆ ಎಡಗಾಲಿನ ಅರ್ಧ ಇಂದಿಗೂ ನನ್ನದೇ.