ಸೂಡಿ ರೋಡಿನ ರೆಕಾರ್ಡು

ಬೆಳಗಿನ ಆರಕ್ಕೆ ಗಜೇಂದ್ರಗಡದ ನಮ್ಮ ಗೇಟಿನೆದುರು, ನಡುರಸ್ತೆಯಲ್ಲಿ, ಮಹಾಲಿಂಗಪ್ಪನವರು ಎಡಗೈಯನ್ನು ಆಕಾಶಕ್ಕೆತ್ತಿ ನಿಂತಿರುತ್ತಿದ್ದರು. ಕ್ಲಾಸಿನಿಂದ ಹೊರಗೆ ಹೋಗಲು ಪರ್ಮಿಶನ್ ಕೇಳುವ ಹುಡುಗನ ಹಾಗೆ. ಅರವತ್ತೊಂದರ ವಯಸ್ಸು, ಮೊಣಕಾಲು ಮುಚ್ಚದ ಚಡ್ಡಿ, ಗಿಳಿಹಸಿರು ಬಣ್ಣದ ಶೂ. ಎಮ್ಮೆಗಳು ಅವರನ್ನು ಬಳಸಿಕೊಂಡು ಹೋಗುತ್ತಿದ್ದವು.

"ಏನ್ರೀ ಮಹಾಲಿಂಗಪ್ಪನವರ, ಮಳಿ ಬರತೈತೇನು ನೋಡಾಕತ್ತೀರಿ?" ಎಂದು ನಾನು ಕೇಳಿದರೆ, ಕೈ ಇಳಿಸದೆ ಹೇಳುತ್ತಿದ್ದರು: "ಸೆಟಲೈಟ್ ಸಿಗವಲ್ತ್ರಿ ಅಕ್ಕಾರ. ನಿಮ್ಮ ಬೇವಿನ ಗಿಡ ಅಡ್ಡ ಬರತೈತಿ. ಒಂದ ಟೊಂಗಿ ಕಡಸ್ರಿ."

ನಮ್ಮ ಮಾವನವರು ನೆಟ್ಟ ಮರ ಅದು. ಆಕಾಶದಲ್ಲಿ ಸೆಟಲೈಟುಗಳು ಹುಟ್ಟುವ ಮೊದಲೇ ಇಲ್ಲಿ ನಿಂತಿತ್ತು. ಕಡಿಸಲಿಲ್ಲ.

ಅವರದು ಪೇಟೆಯಲ್ಲಿ ಸೀರೆ ಅಂಗಡಿ. ಬ್ಲೌಸ್ ಪೀಸು ಕತ್ತರಿಸುವಾಗ ಅಳತೆಗಿಂತ ನಾಲ್ಕು ಬೆರಳು ಹೆಚ್ಚೇ ಬಿಡುವ ಮನುಷ್ಯ. ಸುತ್ತಲಿನ ಹಳ್ಳಿಗಳ ಹೆಂಗಸರು ಅದಕ್ಕಾಗಿಯೇ ಉಳಿದ ಅಂಗಡಿಗಳನ್ನು ದಾಟಿ ಅವರಲ್ಲಿಗೆ ಬರುತ್ತಿದ್ದರು. ಗಾದಿಯ ಮೇಲೆ ಕೂತು ಕೂತು ಹೊಟ್ಟೆ ಬಂತು, ಹೊಟ್ಟೆಯ ಹಿಂದೆ ಶುಗರ್ ಬಂತು. ಡಾಕ್ಟರು ನಡೆಯಿರಿ ಎಂದರು. ನರಗುಂದದ ಅಳಿಯ ಒಂದು ಜಿಪಿಎಸ್ ವಾಚು ತಂದು ಕೈಗೆ ಕಟ್ಟಿದ. ಅಲ್ಲಿಂದ ಮುಂದೆ ನಡೆದದ್ದಕ್ಕೆ ಡಾಕ್ಟರು ಜವಾಬ್ದಾರರಲ್ಲ.

ವಾಚು ಹೇಳಿದರೆ ಮಾತ್ರ ಅವರಿಗೆ ನಿದ್ದೆ ಬಂದಿತ್ತು ಎಂದು ಅರ್ಥ. ಚೆನ್ನಾಗಿ ಮಲಗಿ ಲವಲವಿಕೆಯಿಂದ ಎದ್ದವರು, ಸ್ಲೀಪ್ ಸ್ಕೋರ್ ಐವತ್ತೆರಡು ಎಂದು ನೋಡಿದೊಡನೆ ಆಕಳಿಸತೊಡಗುತ್ತಿದ್ದರು. ಚಾರ್ಜ್ ಇಲ್ಲದ ದಿನ ಓಟವೇ ಇಲ್ಲ. "ಬರೀಲಾರದ ಓಟ ಓಡಿ ಏನ್ ಮಾಡೂದ್ರಿ?" ಎನ್ನುತ್ತಿದ್ದರು. ಮನೆಗೆ ಮರಳುವಾಗ ನಾಲ್ಕು ಪಾಯಿಂಟ್ ಒಂಬತ್ತು ಮೂರು ಕಿಲೋಮೀಟರ್ ಆಗಿದ್ದರೆ, ಉಳಿದ ಎಪ್ಪತ್ತು ಮೀಟರಿಗಾಗಿ ನಮ್ಮ ಗೇಟಿನ ಮುಂದೆ ಗಾಣದೆತ್ತಿನಂತೆ ಸುತ್ತುತ್ತಿದ್ದರು. ನಮ್ಮ ನಾಯಿ ಮೊದಮೊದಲು ಬೊಗಳಿತು. ಆಮೇಲೆ ಪಾಪ ಎಂದು ಸುಮ್ಮನಾಯಿತು.

ಒಮ್ಮೆ ಅವರ ಹೆಂಡತಿ ಶಾಂತವ್ವ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬರುತ್ತಿದ್ದಳು. ಇವರು ಕಟ್ಟೆಯ ಮೇಲೆ ಕೂತಿದ್ದರು.

"ಹಿಡೀಬಾರ್ದೇನ್ರಿ?" ಎಂದೆ.

"ವಾಚು ಮೂವತ್ತಾರು ತಾಸು ರೆಸ್ಟ್ ತಗೋ ಅಂದೈತ್ರಿ."

ಶಾಂತವ್ವ ಡಬ್ಬಿ ಇಳಿಸಿ ನನ್ನ ಕಡೆ ತಿರುಗಿದಳು. "ನೋಡ್ರಿ ಅಕ್ಕಾರ, ಇವರು ಒಂದ ಹೆಜ್ಜಿ ಇಟ್ರ ಆಕಾಶದಾಗ ಬರಕೋತಾರಂತ. ನಾ ಮೆಣಸಿನಕಾಯಿ ಒಣಗಸಾಕ ದಿನಾ ನಾಕ ಸಲ ಮಾಳಗಿ ಹತ್ತಿ ಇಳೀತೀನಿ. ನನ್ನ ಯಾವ ಸೆಟಲೈಟ್ ನೋಡತೈತ್ರಿ?"

ಫೇರ್ ಆಗಿ ಹೇಳಬೇಕು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನನಗೆ ಕಲಿಸಿದ್ದು ಅದನ್ನೇ, ಉಳಿದದ್ದೆಲ್ಲ ಮರೆತಿದ್ದೇನೆ. ವರ್ಷದೊಳಗೆ ಹೊಟ್ಟೆ ಕರಗಿತು, ಶುಗರ್ ಇಳಿಯಿತು. ಹತ್ತು ಹೆಜ್ಜೆ ದೂರದ ಪಾನ್ ಅಂಗಡಿಗೂ ಸ್ಕೂಟರಿನಲ್ಲಿ ಹೋಗುತ್ತಿದ್ದವರು ಸೂಡಿ ರೋಡಿನಲ್ಲಿ ಸೂರ್ಯ ಹುಟ್ಟುವುದನ್ನು ನೋಡಿ ಬಂದು ನನಗೆ ವರ್ಣಿಸುತ್ತಿದ್ದರು. ಗೋಡೆಗೆ ನೇತುಹಾಕಿದ ಗಡಿಯಾರ ಅರವತ್ತು ವರ್ಷದಲ್ಲಿ ಮಾಡಲಾಗದ್ದನ್ನು ಕೈಗಡಿಯಾರ ಮಾಡಿತ್ತು.

ರೋಣ, ನರಗುಂದ, ಗಜೇಂದ್ರಗಡ ಮೂರೂ ಊರಿನ ಓಟಗಾರರದೊಂದು ವಾಟ್ಸಾಪ್ ಬಳಗವಿತ್ತು. ಅದರ ಮುಖ್ಯಸ್ಥರು ರೋಣದ ಪಾಟೀಲ ಸರ್, ರಿಟೈರ್ಡ್ ಲೆಕ್ಚರರ್. ಬೆಳಗಾದರೆ ಎಲ್ಲರ ವಾಚಿನ ಲೆಕ್ಕವೂ ಅಲ್ಲಿ ಬೀಳುತ್ತಿತ್ತು. ನರಗುಂದದಲ್ಲಿ ಮೂರೂ ಊರಿನ ಓಟದ ಸ್ಪರ್ಧೆ ನಡೆಸುವುದೆಂದು ನಿಶ್ಚಯವಾಯಿತು, ಊರಿಗೊಬ್ಬರೇ. ನಮ್ಮೂರಿನ ಪರವಾಗಿ ಹೋಗಬೇಕಾದವಳು ಸೂಡಿ ಕಡೆಯ ನಿರ್ಮಲಾ. ನಮ್ಮೂರ ದವಾಖಾನೆಯಲ್ಲಿ ನರ್ಸ್. ಬಸ್ಸು ತಪ್ಪಿದರೆ ಡ್ಯೂಟಿಗೆ ಓಡಿಯೇ ಬರುತ್ತಿದ್ದ ಹುಡುಗಿ. ಆದರೆ ಅವಳ ಕೈಯಲ್ಲಿ ವಾಚಿರಲಿಲ್ಲ. "ರೆಕಾರ್ಡ್ ಇಲ್ಲದ ಹ್ಯಾಂಗ ತಗೋಳೂದು?" ಎಂದರಂತೆ ಪಾಟೀಲ ಸರ್.

ಆ ವಾರವೇ ರೆಕಾರ್ಡು ಬಂತು, ಮಹಾಲಿಂಗಪ್ಪನವರದು. ಹನ್ನೆರಡು ಕಿಲೋಮೀಟರು, ಒಂದು ತಾಸು ನಾಲ್ಕು ನಿಮಿಷ! ಅದಕ್ಕಿಂತ ಹೆಚ್ಚಾಗಿ, ಹೋಗುವಾಗಿನದಕ್ಕಿಂತ ಬರುವಾಗ ಮೂರು ಪಟ್ಟು ವೇಗ. ಇನ್ನೂ ಹೆಚ್ಚಾಗಿ, ವೇಗ ಏರಿದಂತೆ ಎದೆಬಡಿತ ಇಳಿದಿತ್ತು. ಪಾಟೀಲ ಸರ್ ಗ್ರೂಪಿನಲ್ಲಿ ಬರೆದರು: "ಇದು ಓಟವಲ್ಲ, ಯೋಗ!"

ಅದು ಯೋಗವೂ ಅಲ್ಲ, ಯಮನಪ್ಪನ ಮೋಟರ್ ಸೈಕಲ್ಲು. ಆ ಬೆಳಿಗ್ಗೆ ನಾನು ಗೇಟಿನಲ್ಲೇ ಇದ್ದೆ. ಸೂಡಿ ರೋಡಿನಲ್ಲಿ ಆರು ಕಿಲೋಮೀಟರ್ ಓಡಿದ ಮೇಲೆ ಇವರ ಮೊಣಕಾಲು ಹಿಡಿದುಕೊಂಡಿತ್ತು. ಹಾಲಿನ ಯಮನಪ್ಪ ಕ್ಯಾನುಗಳ ನಡುವೆ ಕೂರಿಸಿಕೊಂಡು, ದಾರಿಯಲ್ಲಿ ನಾಲ್ಕು ಮನೆಗೆ ಹಾಲು ಅಳೆದು, ನನ್ನ ಕಣ್ಣೆದುರೇ ಇವರನ್ನು ಇಳಿಸಿ ಹೋದ. ವಾಚು ನಿಲ್ಲಿಸಲು ಇವರು ಮರೆತಿದ್ದರು.

ಸಂಜೆ ನಮ್ಮ ಮನೆಗೆ ಬಂದರು. "ಅಕ್ಕಾರ, ನಾಳೆ ಗ್ರೂಪಿನ್ಯಾಗ ಖರೇ ಹೇಳಿಬಿಡತೀನಿ" ಎಂದರು. ನಾಳೆ ಹೇಳಲಿಲ್ಲ. ನಾಡಿದ್ದು ಫ್ಲೆಕ್ಸು ಬಂತು. ನಮ್ಮ ಕಡೆ ಯಾರಾದರೂ ಏನಾದರೂ ಮಾಡಿದರೆ, ಅದು ಖರೇನೋ ಸುಳ್ಳೋ ನೋಡುವ ಮೊದಲು ಶಾಲು ತರುತ್ತಾರೆ. ಫ್ಲೆಕ್ಸಿನಲ್ಲಿ ಮಹಾಲಿಂಗಪ್ಪನವರು ಪೇಟಾ ಸುತ್ತಿಕೊಂಡು ಓಡುತ್ತಿದ್ದರು. ರೋಣದಲ್ಲಿ ಸನ್ಮಾನ, ಅಭಿನಂದನಾ ಭಾಷಣಕ್ಕೆ ನಾನು! ಒಪ್ಪಿಕೊಂಡೆ. ಮೈಕು ಸಿಕ್ಕದೆ ಬಹಳ ವರ್ಷವಾಗಿತ್ತು. ಸಾಲಿಯಲ್ಲಿ ಕಲಿಸುವುದು ಬಿಟ್ಟ ಮೇಲೆ ನನ್ನ ಇಂಗ್ಲಿಷ್ ಕೇಳುವವರು ಯಾರಿದ್ದರು?

ಸಭೆಯಲ್ಲಿ "ಏಜ್ ಈಸ್ ಜಸ್ಟ್ ಎ ನಂಬರ್" ಎಂದು ಶುರುಮಾಡಿ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಂತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನರಗುಂದಕ್ಕೆ ಹೋಗುವವರ ಹೆಸರು ಓದಿದರು. ಗಜೇಂದ್ರಗಡದಿಂದ ಮಹಾಲಿಂಗಪ್ಪ. ಆಗ ನಿರ್ಮಲಾ ಡ್ಯೂಟಿಯ ಸೀರೆಯಲ್ಲೇ ಸ್ಟೇಜಿನ ಹತ್ತಿರ ಬಂದು, ಕಾಲು ಮುಟ್ಟಿ, "ಕಾಕಾರ, ಬರೂವಾಗ ಅಷ್ಟ್ ಜೋರ ಓಡೂದ ಹ್ಯಾಂಗಂತ ನನಗೂ ಒಂದಿನ ಕಲಸ್ರಿ" ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಮಹಾಲಿಂಗಪ್ಪನವರು ತಡೆದುಕೊಳ್ಳುತ್ತಿದ್ದರು.

ಅವರು ಎದ್ದು ಮೈಕು ಹಿಡಿದರು. "ಅದು ನಾ ಓಡಿದ್ದಲ್ರಿ. ಹಾಲಿನ ಯಮನಪ್ಪನ ಗಾಡಿ ಓಡಿದ್ದು. ಈ ಹುಡುಗೀನ ಕಳಸ್ರಿ."

ಇಡೀ ಹಾಲ್ ನಕ್ಕಿತು. ಪಾಟೀಲ ಸರ್ ಕಣ್ಣೊರೆಸಿಕೊಂಡರು. "ನೋಡ್ರಿ ದೊಡ್ಡಗುಣ! ಬಡಪಾಯಿ ಹುಡುಗಿಗೆ ಛಾನ್ಸ್ ಸಿಗಲಿ ಅಂತ ತಮ್ಮ ರೆಕಾರ್ಡನ್ನ ಬಿಟ್ಟುಕೊಡಾಕತ್ಯಾರ! ಅಲ್ರೀ, ನೀವು ಸುಳ್ಳು ಹೇಳಬಹುದು, ಸೆಟಲೈಟ್ ಹೇಳತೈತೇನು?"

"ಅಕ್ಕಾರ ಕಣ್ಣಾರೆ ನೋಡ್ಯಾರ. ಅವರನ್ನ ಕೇಳ್ರಿ" ಎಂದರು ಮಹಾಲಿಂಗಪ್ಪನವರು.

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಹತ್ತು ನಿಮಿಷದ ಭಾಷಣ ಇನ್ನೂ ಹಾಲಿನಲ್ಲಿ ಬಿಸಿಯಾಗಿತ್ತು. ಹೌದೆಂದರೆ ಅದೂ ಸುಳ್ಳಾಗುತ್ತಿತ್ತು. ನಾನು ನಕ್ಕು, "ಹೀ ಈಸ್ ಟೂ ಮಾಡೆಸ್ಟ್" ಎಂದೆ.

ಗಜೇಂದ್ರಗಡದ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಊರು ಹತ್ತಿರವಾದಾಗ ಕೇಳಿದರು: "ಅಕ್ಕಾರ, ನೀವು ಕಾನ್ವೆಂಟನ್ಯಾಗ ಕಲತವರು. ಅಲ್ಲಿ ಸುಳ್ಳೂ ಇಂಗ್ಲೀಷನ್ಯಾಗ ಕಲಸ್ತಾರೇನ್ರಿ?"



ಸ್ಪರ್ಧೆಯ ದಿನ ಕರೆಯದಿದ್ದರೂ ನರಗುಂದಕ್ಕೆ ಹೋದೆ. ಮಹಾಲಿಂಗಪ್ಪನವರು ಓಟ ಶುರುವಾಗುವ ಗೆರೆಯ ಹತ್ತಿರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದರು. ಪಕ್ಕದಲ್ಲಿ, ಅವರೇ ಕರೆತಂದ ನಿರ್ಮಲಾ. "ಈಕಿ ಓಡತಾಳ. ಇಲ್ಲಾಂದ್ರ ನಮ್ಮೂರಿಂದ ಯಾರೂ ಇಲ್ಲ."

"ಕೊನೀ ಘಳಿಗ್ಯಾಗ ಹೆಸರ ಬದಲ ಮಾಡಾಕ ಬರೂದಿಲ್ರಿ. ಕಾರಣ ಬೇಕು" ಎನ್ನುತ್ತಿದ್ದರು ಪಾಟೀಲ ಸರ್.

ನಾನು ಮುಂದೆ ಹೋದೆ. "ಕಾರಣ ನಾ ಹೇಳತೇನ್ರಿ. ಅವರು ಹಾಲಿನ ಕ್ಯಾನಿನ ನಡುವ ಕೂತು ಬಂದದ್ದನ್ನ ನಾ ನೋಡೇನಿ. ಅವತ್ತು ರೋಣದಾಗ ಅವರು ಖರೇ ಹೇಳಿದ್ರು. ಸುಳ್ಳು ಹೇಳಿದಾಕಿ ನಾನು."

ಪಾಟೀಲ ಸರ್ ಮುಖ ನೋಡುವ ಹಾಗಿರಲಿಲ್ಲ. ಸ್ಪರ್ಧೆಯ ಚಿಂತೆ ಅವರಿಗಿರಲಿಲ್ಲ. ಶಾಲು ವಾಪಸ್ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಈಗೇನು ಮಾಡುವುದು ಎಂಬ ಸಂಕಟ. ಕೊನೆಗೆ ಎದೆಗೆ ಹಚ್ಚುವ ನಂಬರನ್ನು ನಿರ್ಮಲಾಳ ಕೈಗೆ ಕೊಟ್ಟರು. ಅವಳು ಎರಡನೆಯವಳಾಗಿ ಬಂದಳು. ಎಷ್ಟು ನಿಮಿಷ ಹಿಡಿಯಿತೋ ಅವಳಿಗೆ ಗೊತ್ತಿಲ್ಲ. ಬಂದವಳೇ ಎರಡೂವರೆಯ ಡ್ಯೂಟಿಗೆ ಬಸ್ಸು ಹಿಡಿಯಲು ಮತ್ತೆ ಓಡಿದಳು.

ಆಮೇಲೆ ಒಂದು ತಿಂಗಳು ಮಹಾಲಿಂಗಪ್ಪನವರು ನನ್ನ ಜೊತೆ ಮಾತಾಡಲಿಲ್ಲ. ನಮ್ಮ ಗೇಟು ಬರುವಾಗ ಓಟದ ವೇಗ ಹೆಚ್ಚುತ್ತಿತ್ತು. ಆಮೇಲೊಂದು ಬೆಳಿಗ್ಗೆ ತಾವಾಗಿಯೇ ನಿಂತರು. ಬೆವರು ಒರೆಸಿಕೊಳ್ಳುತ್ತ ಹೇಳಿದರು: "ಬರ್ರಿ ಅಕ್ಕಾರ, ನೀವೂ ನಡೀರಿ. ಒಬ್ಬನ ಓಡಿದ್ರ ಸಾಕ್ಷಿ ಇರೂದಿಲ್ಲ."

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಇವತ್ತು ಕಾಲಲ್ಲಿ ಚಪ್ಪಲಿ, ನಾಳೆ ಶೂ ಹಾಕಿಕೊಂಡು ಬರುತ್ತೇನೆ ಎಂದೆ.

"ನಾಳೆ ಅಂದ್ರ ಐದೂವರಿಗೆ. ಲೇಟ್ ಮಾಡಬ್ಯಾಡ್ರಿ ಮತ್ತ."

ಮರುದಿನ ಐದೂವರೆಗೆ, ಮಗಳು ಎಂದೋ ಕೊಡಿಸಿದ್ದ ಶೂ ಹುಡುಕಿ ಹಾಕಿಕೊಂಡು, ಲೇಸು ಎರಡು ಸಲ ಬಿಗಿದು, ಗೇಟಿನಲ್ಲಿ ನಿಂತೆ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ನನಗೆ ಟೈಮ್ ಹೇಳಿ ತಾವೇ ಮಲಗಿದ್ದಾರಲ್ಲ, ಪಂಕ್ಚುಯಾಲಿಟಿ ಎಂಬುದೇ ಇಲ್ಲ ಎಂದು ಸಿಟ್ಟು ಬಂತು. ಎಬ್ಬಿಸಿ ನಾಲ್ಕು ಮಾತು ಕೇಳಿಯೇ ಬಿಡೋಣ ಎಂದು ಅವರ ಓಣಿಯ ಕಡೆ ನಡೆದೆ.

ಮೂಲೆ ತಿರುಗುವಾಗಲೇ ಶಾಂತವ್ವನ ಅಳು ಕೇಳಿತು. ಅವರ ಮನೆಯ ಮುಂದೆ ಬಹಳ ಚಪ್ಪಲಿಗಳಿದ್ದವು.