ಮಹಬೂಬಸಾಬರ ಇಪ್ಪತ್ತೈದು ಸುತ್ತು

2023ರ ಬೇಸಿಗೆಯ ಹೊತ್ತಿಗೆ ನಾನು ಧಾರವಾಡದ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕನ ಹುದ್ದೆಯಿಂದ ನಿವೃತ್ತನಾಗಿ ಎಂಟು ವರ್ಷವಾಗಿತ್ತು. ಆದರೂ ಜಿಲ್ಲೆಯ ಓಟಗಾರರ ದಾಖಲೆ ಇಡುವ ಕೆಲಸ ನನ್ನ ಬೆನ್ನು ಬಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ನಾನೇ ಅದರ ಬೆನ್ನು ಬಿಟ್ಟಿರಲಿಲ್ಲ. ಮಕ್ಕಳ ಹುಟ್ಟುಹಬ್ಬ ಮರೆತರೂ ಯಾರು ಯಾವ ವರ್ಷ ಎಷ್ಟು ಸೆಕೆಂಡಿನಲ್ಲಿ ಓಡಿದರೆಂದು ಈ ಮನುಷ್ಯ ಮರೆಯುವುದಿಲ್ಲ ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಹೊಗಳಿಕೆ ಅಲ್ಲವೆಂದು ನನಗೂ ಗೊತ್ತು.

ಆ ಬೇಸಿಗೆಯಲ್ಲಿ ಹಳೆಯ ಓಟಗಾರರೆಲ್ಲ ಸೇರಿ ಜಿಲ್ಲಾ ಮೈದಾನದಲ್ಲೊಂದು ಫಲಕ ಹಾಕಿಸಲು ನಿರ್ಧರಿಸಿದರು. ಹತ್ತು ಸಾವಿರ ಮೀಟರ್ ಓಟದಲ್ಲಿ ಜಿಲ್ಲೆ ಕಂಡ ಐವರು ವೇಗಿಗಳ ಹೆಸರು, ಸಮಯದ ಕ್ರಮದಲ್ಲಿ. ಪಟ್ಟಿ ಮಾಡುವ ಹೊಣೆ ನನ್ನದು. ನೆರವಿಗೆ ವೀರೇಶ ಬಂದ. ಅವನು ಗೋಪನಕೊಪ್ಪದವನು, ನನ್ನ ಶಿಷ್ಯ, ಈಗ ಒಂದು ಪ್ರೌಢಶಾಲೆಯಲ್ಲಿ ಪಿಟಿ ಮಾಸ್ತರ. ನಾನು ಬರೆದ ಕರಡಿನಲ್ಲಿ ಐದನೆಯ ಹೆಸರು ಅವನದೇ. 2014ರಲ್ಲಿ ಓಡಿದ್ದು, 31 ನಿಮಿಷ 14 ಸೆಕೆಂಡು.

ಬೇರೆ ಬೇರೆ ಕಾಲದ ಓಟಗಾರರನ್ನು ಒಂದೇ ಪಟ್ಟಿಗೆ ತರುವುದು ಸುಲಭದ ಕೆಲಸವಲ್ಲ. ಹಿಂದೆ ಮೊರಂ ಮಣ್ಣಿನ ಟ್ರ್ಯಾಕು, ಬರಿಗಾಲು. ಮೂವರು ಸ್ಟಾಪ್‌ವಾಚು ಹಿಡಿದು ನಿಲ್ಲುತ್ತಿದ್ದರು, ಮೂರರಲ್ಲಿ ನಡುವಿನ ಸಮಯವನ್ನು ಬರೆದುಕೊಳ್ಳುತ್ತಿದ್ದರು. ಈಗ ರಬ್ಬರಿನ ಸಿಂಥೆಟಿಕ್ ಟ್ರ್ಯಾಕು, ಮುಳ್ಳಿನ ಶೂ, ತಾನೇ ಸಮಯ ಹಿಡಿಯುವ ಕ್ಯಾಮೆರಾ. ಯಾರಿಗೆ ಎಷ್ಟು ರಿಯಾಯಿತಿ ಕೊಡಬೇಕೆಂದು ವಾದಕ್ಕೆ ಕುಳಿತರೆ ಸೂರ್ಯ ಮುಳುಗಿದರೂ ಮುಗಿಯದು. ಅದಕ್ಕೇ ನನ್ನದೊಂದು ಖಡಕ್ ನಿಯಮವಿತ್ತು: ಗಡಿಯಾರ ಹೇಳಿದ್ದೇ ಕೊನೆಯ ಮಾತು. ಈ ನಿಯಮದ ಬಗ್ಗೆ ನನಗೆ ಜಂಬವೂ ಇತ್ತು.

ಹಳೆಯ ದಾಖಲೆ ಪುಸ್ತಕ ತಿರುವುತ್ತಿದ್ದ ವೀರೇಶ ಒಂದು ಪುಟದಲ್ಲಿ ನಿಂತುಬಿಟ್ಟ. ಅಲ್ಲಿದ್ದದ್ದು 1970ರ ಒಂದು ಸಾಲು. ಹೆಸರು ಮಹಬೂಬಸಾಬ, ಸಮಯ 31 ನಿಮಿಷ 9 ಸೆಕೆಂಡು. ಅದರ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಟ್ರ್ಯಾಕ್ ಅಳತೆ ಕಡಿಮೆ ಇದ್ದ ಶಂಕೆ, ಪರಿಗಣಿಸಿಲ್ಲ' ಎಂದು ಬರೆದಿತ್ತು. ಅಕ್ಷರ ನನ್ನದು. ಬರೆದದ್ದು 1999ರಲ್ಲಿ.

"ಸರ್, ಆವಾಗ ನೀವು ಟ್ರ್ಯಾಕ್ ಅಳದು ನೋಡಿದ್ರೇನ್ರಿ?" ಎಂದು ವೀರೇಶ ಕೇಳಿದ.

ಅಳೆದಿರಲಿಲ್ಲ. ಆ ಓಟ ನಡೆದ ಕಾಲೇಜು ಮೈದಾನದ ಬಗ್ಗೆ ಊರಲ್ಲೊಂದು ಗಾಳಿಮಾತಿತ್ತು. 'ಆ ಹಿತ್ತಲದಾಗ ಎಮ್ಮಿ ಓಡಿದ್ರೂ ರೆಕಾರ್ಡ್' ಎಂದು ಬೇರೆ ಕಾಲೇಜಿನವರು ನಗುತ್ತಿದ್ದರು. ಬರಿಗಾಲಿನ ಹುಡುಗನೊಬ್ಬ ಇಷ್ಟು ವೇಗ ಓಡಿದನೆಂದು ನಂಬುವುದಕ್ಕಿಂತ ಆ ನಗೆಯನ್ನು ನಂಬುವುದು ನನಗೆ ಸುಲಭವಾಗಿತ್ತು. ಇನ್ನೊಬ್ಬರ ಅಳತೆಯಲ್ಲಿ ಒಂದು ಗೇಣಿನ ತಪ್ಪು ಹುಡುಕುತ್ತಿದ್ದ ನಾನು ಇಲ್ಲಿ ಟೇಪನ್ನೇ ಮುಟ್ಟಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮಹಬೂಬಸಾಬರು ಉಪ್ಪಿನಬೆಟಗೇರಿಯವರು. ಆ ಓಟ ಓಡಿದಾಗ ಇಪ್ಪತ್ತಮೂರು ವರ್ಷದ ಸಿಪಾಯಿ, ರಜೆಗೆಂದು ಊರಿಗೆ ಬಂದವರು. ಆ ಸಮಯ ನೋಡಿಯೇ ಅವರನ್ನು ಮರುವರ್ಷ ದೊಡ್ಡ ಕೂಟದ ತರಬೇತಿ ಶಿಬಿರಕ್ಕೆ ಆರಿಸಿದ್ದರು. ಆದರೆ ಮರುವರ್ಷವೆಂದರೆ 1971. ಶಿಬಿರ ರದ್ದಾಯಿತು, ಅವರ ತುಕಡಿ ಗಡಿಗೆ ಹೋಯಿತು. ಯುದ್ಧ ಮುಗಿದರೂ ಬಹಳ ದಿನ ಹಿಮದ ಠಾಣೆಯಲ್ಲೇ ಇರಬೇಕಾಯಿತು. ಅಲ್ಲಿಯ ಚಳಿಗೆ ಎಡಗಾಲಿನ ಎರಡು ಬೆರಳು ಹೋದವು. ಆಮೇಲೆ ಓಡಿದರು, ಆದರೆ ಮೂವತ್ತಮೂರು ನಿಮಿಷದ ಒಳಗೆ ಬರಲೇ ಇಲ್ಲ. ಹೀಗಾಗಿ ಅವರ ಓಟದ ಬಾಳಿಗೆಲ್ಲ ಸಾಕ್ಷಿಯಾಗಿದ್ದದ್ದು ಅದೊಂದೇ ಸಾಲು. ಅದರ ಮೇಲೆ ನಾನು ಕೆಂಪು ಗೆರೆ ಎಳೆದಿದ್ದೆ.

1999ರಲ್ಲಿ ಜಿಲ್ಲೆಯ ದಾಖಲೆಗಳು ಅವರ ಹೆಸರಿಲ್ಲದೆ ಪುಸ್ತಕವಾಗಿ ಅಚ್ಚಾದಾಗ ಅವರು ಆ ಓಟದ ಪ್ರಮಾಣಪತ್ರ ಹಿಡಿದು ಕಾಲೇಜಿಗೇ ಬಂದಿದ್ದರು. "ಆ ಗ್ರೌಂಡ್ ಸಣ್ಣದಿತ್ತಂತ ಎಲ್ಲಾರೂ ಹೇಳ್ತಾರ್ರಿ" ಎಂದಿದ್ದೆ. ಅವರು ಮೆಲ್ಲಗೆ, "ಎಲ್ಲಾರೂ ಅಂದ್ರ ಯಾರ್ರಿ ಸರ?" ಎಂದು ಕೇಳಿದ್ದರು. ಅಂದು ಹೋದವರು ಮತ್ತೆ ಯಾವ ಕ್ರೀಡಾಕೂಟಕ್ಕೂ ಬರಲಿಲ್ಲ.

ಫಲಕ ಸಮಿತಿಯ ಹಿರಿಯರ ಮುಂದೆ ವಿಷಯ ಇಟ್ಟೆ. ಅವರೊಂದು ದಾರಿ ಹೇಳಿದರು. ಐದು ಹೆಸರಿನ ಕೆಳಗೆ ನಕ್ಷತ್ರ ಹಾಕಿ, 'ಯುದ್ಧದಿಂದ ಓಟ ನಿಂತ ವೀರ ಯೋಧ' ಎಂದು ಮಹಬೂಬಸಾಬರ ಹೆಸರು ಬರೆದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವೀರೇಶನ ಜಾಗ ಉಳಿಯುತ್ತದೆ, ನನ್ನ ತಪ್ಪೂ ಮುಚ್ಚಿಹೋಗುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ದಾರಿ ಬಹಳ ಹಿಡಿಸಿತು.

ನಾನೂ ವೀರೇಶನೂ ತಾರಿಹಾಳಕ್ಕೆ ಹೋದೆವು. ಅಲ್ಲಿ ಮಹಬೂಬಸಾಬರ ಲೇಥ್ ವರ್ಕ್‌ಶಾಪು. ಕೆಲಸವೆಲ್ಲ ಮಗನದು. ಎಪ್ಪತ್ತಾರರ ಇವರು ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು, ತಯಾರಾದ ಬುಷ್ ಎಂಬ ಲೋಹದ ಬಳೆಗಳನ್ನು ವರ್ನಿಯರ್ ಮಾಪಕ ಹಿಡಿದು ಅಳೆಯುತ್ತಿದ್ದರು. ಗುರುತು ಹಿಡಿದು, "ಬರ್ರಿ ಸರ, ಕುಂದರ್ರಿ. ಚಾ ತರಸ್ತೇನಿ" ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ನಕ್ಷತ್ರದ ವಿಚಾರ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

"ಯುದ್ಧದ ಸಲುವಾಗಿ ನನಗ ಜಾಗಾ ಬ್ಯಾಡ್ರಿ. ಅಲ್ಲಿಗೆ ನಾ ಒಬ್ಬನ ಹೋಗಿದ್ದಿಲ್ಲ. ಹೋದವ್ರಾಗ ಎಷ್ಟೋ ಮಂದಿ ಹೊಳ್ಳಿ ಬರಲಿಲ್ಲ. ನಾ ಓಡಿದ್ದು ಖರೇ ಇದ್ರ ಬರೀರಿ, ಸುಳ್ಳಿದ್ರ ಬಿಡ್ರಿ. ಆದ್ರ ಈ ಸಲ ಅಳದ ಹೇಳ್ರಿ."

ಕೈಯಲ್ಲಿದ್ದ ಬುಷ್ ಕೆಳಗಿಟ್ಟು ಮುಂದುವರಿಸಿದರು: "ನಾ ಸಾಯೋದ್ರೊಳಗ ಗೊತ್ತಾದ್ರ ಛಲೋ."

ಮರುದಿನ ಬೆಳಿಗ್ಗೆ ಏಳಕ್ಕೆ ಮೂವರೂ ಆ ಹಳೆಯ ಮೈದಾನದಲ್ಲಿದ್ದೆವು. ಈಗಲ್ಲಿ ಕ್ರಿಕೆಟ್ ಆಡುತ್ತಾರೆ. ಆದರೆ ಟ್ರ್ಯಾಕಿನ ಒಳ ಅಂಚಿಗೆ ಹೂತ ಕಲ್ಲುಗಳು ಕರಿಕೆ ಹುಲ್ಲಿನ ಅಡಿಯಲ್ಲಿ ಹಾಗೆಯೇ ಇದ್ದವು. ಎರಡು ದಿನ ಸಲಿಕೆ ಹಿಡಿದು ಕೆತ್ತಿಸಿ ಅಂಚನ್ನು ಪೂರ್ತಿ ಬಯಲು ಮಾಡಿದೆವು. ಉತ್ತರದ ತಿರುವಿನಲ್ಲಿ ಕಲ್ಲು ಕಿತ್ತಿದ್ದರೂ ಅವುಗಳ ಕೆಳಗಿನ ಗಚ್ಚು ಉಳಿದಿತ್ತು.

ಅಳತೆಯ ಕ್ರಮ ಹೀಗೆ. ಓಟಗಾರ ಕಲ್ಲಂಚಿಗೆ ತಾಗಿ ಓಡಲಾರ, ಆದ್ದರಿಂದ ಅಂಚಿನಿಂದ ಮೂವತ್ತು ಸೆಂಟಿಮೀಟರ್ ಹೊರಗೆ ಅಳೆಯಬೇಕು. ಆ ಗೆರೆಯಗುಂಟ ಒತ್ತೊತ್ತಾಗಿ ಗೂಟ ಬಡಿದೆವು. ಮುಕ್ತಾಯದ ಗೆರೆಯಲ್ಲಿ ಒಂದು ಮೊಳೆ ಹೊಡೆದು, ಅಲ್ಲಿಂದ ಐವತ್ತು ಮೀಟರಿನ ಸ್ಟೀಲ್ ಟೇಪು ಹಿಡಿದು ಹೊರಟೆವು. ಸರಿಯಾದ ಟ್ರ್ಯಾಕು ಎಂದರೆ ಎಂಟು ಟೇಪು. ಎಂಟನೆಯ ಟೇಪು ಪೂರ್ತಿ ಬಿಚ್ಚುವ ಮೊದಲೇ ಮೊಳೆ ಸಿಕ್ಕರೆ ಮೈದಾನ ಸಣ್ಣದು, ಕೆಂಪು ಗೆರೆ ಸರಿ. ಟೇಪಿನ ಹಿಂತುದಿ ನನ್ನ ಕೈಯಲ್ಲಿ, ಮುಂತುದಿ ವೀರೇಶನ ಕೈಯಲ್ಲಿ. ಮಹಬೂಬಸಾಬರು ಮೊಳೆಯ ಹತ್ತಿರ ಕೈಕಟ್ಟಿ ನಿಂತಿದ್ದರು.

ಏಳು ಟೇಪು ಮುಗಿದಾಗ ಉಳಿದ ದೂರ ಬಹಳ ಕಡಿಮೆ ಕಂಡಿತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಸುಮ್ಮನೆ ಬರೆದದ್ದು ನಿಜವೇ ಆಗಿಬಿಟ್ಟರೆ ನಾನು ಗೆದ್ದಂತೆ. ಆದರೆ ಆ ಗೆಲುವು ನನಗೆ ಬೇಡವಾಗಿತ್ತು. ಎಂಟನೆಯ ಟೇಪು ಬಿಚ್ಚುತ್ತ ವೀರೇಶ ಮುಂದೆ ಹೋದ. ಟೇಪು ಬಿಗಿಯಾಯಿತು. ಅವನು ನೆಲ ನೋಡಿದ, ಮೊಳೆ ನೋಡಿದ, ನಂತರ ಕೂಗಿದ.

"ಸರ್, ಟೇಪು ಮುಗೀತ್ರಿ! ಮೊಳಿ ಇನ್ನೂ ಮುಂದ ಐತಿ!"

ಫಲಕದಲ್ಲಿನ ತನ್ನ ಜಾಗ ಹೋಯಿತೆಂದು ಅಲ್ಲಿ ಮೊದಲು ತಿಳಿದವನು ಅವನೇ. ಆದರೂ ಆ ಕೂಗಿನಲ್ಲಿ ಖುಷಿಯೇ ಇತ್ತು. ನಾನು ಅಲ್ಲೇ ಹುಲ್ಲಿನ ಮೇಲೆ ಕುಳಿತುಬಿಟ್ಟೆ. ಹಲವು ವರ್ಷಗಳ ನಂತರ ಎದೆ ತುಂಬ ಉಸಿರು ಬಂದಂತಾಯಿತು.

ಮೊಳೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಮುಂದಿತ್ತು. ಇನ್ನೊಮ್ಮೆ ಅಳೆದೆವು, ಅಷ್ಟೇ ಬಂತು. ಅಂಗೈ ಮೇಲೆ ಲೆಕ್ಕ ಹಾಕಿದಾಗ ಗುಟ್ಟು ಬಿಚ್ಚಿತು. ಅದು ಗಜದ ಕಾಲದ ಟ್ರ್ಯಾಕು. ಹಿಂದಿನವರು ಓಟಗಳನ್ನು ಮೈಲಿ, ಗಜಗಳಲ್ಲಿ ನಡೆಸುತ್ತಿದ್ದರಿಂದ ಸುತ್ತನ್ನು ಕಾಲು ಮೈಲಿಗೆ, ಎಂದರೆ 440 ಗಜಕ್ಕೆ ಕಟ್ಟಿದ್ದರು. ಮೀಟರಿನಲ್ಲಿ ಅದು 402ಕ್ಕೆ ಚೂರು ಹೆಚ್ಚು. ಮುಂದೆ ಓಟಗಳು ಮೀಟರಿಗೆ ಬದಲಾದವು, ನೆಲದಲ್ಲಿದ್ದ ಕಲ್ಲು ಬದಲಾಗಲಿಲ್ಲ. ಹತ್ತು ಸಾವಿರ ಮೀಟರೆಂದರೆ ಇಪ್ಪತ್ತೈದು ಸುತ್ತು ಎಂಬ ಬಾಯಿಪಾಠದಂತೆ, ಹೊರಡುವ ಗೆರೆಯನ್ನು ಮುಂದೆ ಸರಿಸದೆ ಪೂರ್ತಿ ಇಪ್ಪತ್ತೈದು ಸುತ್ತು ಓಡಿಸಿದ್ದರು. ಸಣ್ಣ ಮೈದಾನದಲ್ಲಿ ಓಡಿದವರೆಂದು ನಾನು ತೆಗೆದುಹಾಕಿದ ಮನುಷ್ಯ ಎಲ್ಲರಿಗಿಂತ ಐವತ್ತೆಂಟು ಮೀಟರ್ ಹೆಚ್ಚು ಓಡಿದ್ದರು.

ನಾನು ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡೆ. "ತಪ್ಪಾತ್ರಿ ಮಹಬೂಬಸಾಬ್ರ. ಅಳೀದ ಬರದಿದ್ದೆ."

"ಇವತ್ತ ಅಳದ್ರೆಲ್ರಿ" ಎಂದರು. ಅವರ ಕಣ್ಣು ತುಂಬಿತ್ತು, ನನ್ನದೂ.

ತಪ್ಪು ಮಾಡಿದವನಿಗೆ ಉದಾರತನ ಬೇಗ ಬರುತ್ತದೆ. ಆ ಹೆಚ್ಚಿನ ದೂರಕ್ಕೆ ಸುಮಾರು ಹನ್ನೊಂದು ಸೆಕೆಂಡು ಆಗುತ್ತದೆ, ಅದನ್ನು ಕಳೆದು 30 ನಿಮಿಷ 58 ಎಂದು ಬರೆಯುತ್ತೇನೆ, ನಾಲ್ಕನೆಯ ಸ್ಥಾನ ಸಿಗುತ್ತದೆ ಎಂದೆ. ಅವರು ನಕ್ಕುಬಿಟ್ಟರು.

"ಕಡಿಮಿ ಅಂತ ಅಂದಾಜಲೆ ತಗದ್ರಿ, ಈಗ ಅಂದಾಜಲೆ ಕೊಡಾಕತ್ತೀರಿ. ಗಡಿಯಾರದಾಗ ಎಷ್ಟಿತ್ತೋ ಅಷ್ಟ ಬರೀರಿ ಸರ."

ಹಾಗೆಯೇ ಬರೆಸಿದೆ. ಐದನೆಯ ಹೆಸರು ಮಹಬೂಬಸಾಬ, 31 ನಿಮಿಷ 9 ಸೆಕೆಂಡು, 1970. ನಕ್ಷತ್ರವಿಲ್ಲ, ಟಿಪ್ಪಣಿ ಇಲ್ಲ. ಫಲಕದ ಮುಂದೆ ಅವರೊಡನೆ ನಿಂತು ಫೋಟೋ ತೆಗೆಸಿಕೊಂಡ ಮೊದಲಿಗ ವೀರೇಶ. "ನಾನು ಶೂ ಹಾಕ್ಕೊಂಡ ಐದ ಸೆಕೆಂಡ್ ಹಿಂದ ಬಂದೇನ್ರಿ ಕಾಕಾ. ನಿಮ್ಮ ಕೂಡ ಓಡಿದ್ರ ನಿಮ್ಮ ಬೆನ್ನಾದ್ರೂ ನೋಡ್ತಿದ್ದೆ" ಎಂದು ಅವನು ಹೇಳಿದಾಗ ಮುದುಕರು ಹುಡುಗನಂತೆ ನಾಚಿಕೊಂಡರು.

ಯುದ್ಧ ಆಗದಿದ್ದರೆ ಅವರು ಎಷ್ಟರಲ್ಲಿ ಓಡುತ್ತಿದ್ದರು ಎಂದು ಈಗಿನ ಹುಡುಗರು ನನ್ನನ್ನು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಓಡದ ಓಟಕ್ಕೆ ಸಮಯ ಬರೆಯಬಾರದು, ಓಡಿದ ಓಟವನ್ನು ಅಳೆಯದೆ ಅಳಿಸಬಾರದು. ನಲವತ್ತು ವರ್ಷದ ಕೆಲಸದಲ್ಲಿ ನಾನು ಕಲಿತ ಪಾಠ ಇಷ್ಟೇ, ಅದನ್ನೂ ನಿವೃತ್ತಿಯ ನಂತರ ಕಲಿತೆ. ಯುದ್ಧ ಅವರಿಂದ ಕಿತ್ತುಕೊಂಡ ವರ್ಷಗಳನ್ನು ಮರಳಿ ಕೊಡುವುದು ಯಾರ ಕೈಯಲ್ಲೂ ಇರಲಿಲ್ಲ. ನಾನು ಕಿತ್ತುಕೊಂಡಿದ್ದನ್ನು ಮರಳಿ ಕೊಡಲು ಹೋದಾಗ ಅದನ್ನು ತೆಗೆದುಕೊಳ್ಳಲು ಅವರು ಇನ್ನೂ ಇದ್ದರು.