ಪೆಟ್ಟು ತಿಂದ ಕಿಡ್ನಿ

ಮೊದಲು ಬಿಗಿಯಾದದ್ದು ಕಾಲುಂಗುರ. ಬೆಳಿಗ್ಗೆ ಎದ್ದು ನೋಡಿದರೆ ಬೆರಳು ಊದಿ, ಬೆಳ್ಳಿ ಚರ್ಮದೊಳಗೆ ಹೂತುಹೋಗಿತ್ತು. ಸೋಪು ಹಚ್ಚಿದೆ, ಎಣ್ಣೆ ಹಚ್ಚಿದೆ. ಬರಲಿಲ್ಲ. ಕೊನೆಗೆ ಅಕ್ಕಸಾಲಿಗ ಕತ್ತರಿಸಿ ತೆಗೆದ. ಬಿಸಿಲಿಗೆ ಊದಿರಬೇಕು ಎಂದುಕೊಂಡು ಸುಮ್ಮನಾದೆ. ಆಮೇಲೆ ಮುಖ ಊದಿತು. ರೊಟ್ಟಿ ಬೇಯುವ ವಾಸನೆಗೆ ವಾಂತಿ ಬರತೊಡಗಿತು. ಉಮರ್ಗಾದ ಡಾಕ್ಟರು ಬಿ.ಪಿ. ನೋಡಿದರು, ಪಟ್ಟಿ ಬಿಚ್ಚಿ ಮತ್ತೊಮ್ಮೆ ಕಟ್ಟಿ ನೋಡಿದರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಎರಡೂ ಕಿಡ್ನಿ ಹೋಗಿದ್ದವು.

ನನಗಿನ್ನೂ ನಲವತ್ತಾಗಿರಲಿಲ್ಲ. ನನ್ನ ಯಜಮಾನರು ಜಂಗಮರು. ಗುಂಜೋಟಿಯ ಸುತ್ತಮುತ್ತ ಪೂಜೆ, ಗೃಹಪ್ರವೇಶ, ತೊಟ್ಟಿಲ ಕಾರ್ಯ ಎಂದು ಮನೆಮನೆಗೆ ಹೋಗಿಬರುವವರು. ಊರಿಗೆಲ್ಲ ಅವರು ಅಯ್ಯನೋರು. ತಮ್ಮದೇ ಒಂದು ಕಿಡ್ನಿ ಕೊಡುತ್ತೇನೆಂದು ಹೊರಟರು, ರಕ್ತದ ಗುಂಪು ಕೂಡಲಿಲ್ಲ. ನಿಲಂಗಾದಿಂದ ಅವ್ವ ಓಡಿಬಂದಳು, ಅವಳಿಗೆ ಸಕ್ಕರೆ ಕಾಯಿಲೆ. ಉಳಿದದ್ದು ಒಂದೇ ದಾರಿ: ಸತ್ತವರ ಕಿಡ್ನಿಗಾಗಿ ಸೋಲಾಪುರದ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಕಾಯುವುದು.

ಕಾಯುವುದು ಎಂದರೆ ಡಯಾಲಿಸಿಸ್. ದಿನ ಬಿಟ್ಟು ದಿನ ಶೇರ್ ಆಟೋದಲ್ಲಿ ಉಮರ್ಗಾಕ್ಕೆ ಹೋಗಿ, ಮಷಿನ್ ಪಕ್ಕ ಮಲಗಿ, ಹಿಂಡಿದ ಬಟ್ಟೆಯಂತೆ ಮನೆಗೆ ಬರುವುದು. ಕುಡಿಯುವ ನೀರಿಗೂ ಅಳತೆ. ಬೇಸಿಗೆಯಲ್ಲಿ ಮಗಳು ನೀರು ಕುಡಿಯುವ ಸದ್ದು ಕೇಳಿದರೂ ಗಂಟಲು ಒಣಗುತ್ತಿತ್ತು. ಅದನ್ನು ತಿಳಿದು ಅವಳು ಹಿತ್ತಲಿಗೆ ಹೋಗಿ ಕುಡಿಯತೊಡಗಿದಳು. ಮಷಿನ್ ಸೂಜಿ ಚುಚ್ಚಲೆಂದು ಕೈಯಲ್ಲಿ ರಕ್ತನಾಳ ಕೂಡಿಸಿ ಮಾಡಿದ ಫಿಸ್ಟುಲಾ ಎರಡು ಸಲ ಕಟ್ಟಿಕೊಂಡಿತು. ಕೊನೆಗೆ ಕುತ್ತಿಗೆಯಲ್ಲಿ ನಳಿಗೆ ಇಟ್ಟರು. ಅದಕ್ಕೂ ಮೇಲಿಂದ ಮೇಲೆ ಸೋಂಕು, ಚಳಿಜ್ವರ.

ಸೋಲಾಪುರದಿಂದ ಫೋನ್ ಬಂದಾಗ ಯಜಮಾನರು ತುರೋರಿಯಲ್ಲಿ ಒಬ್ಬರ ಗೃಹಪ್ರವೇಶದ ಪೂಜೆಯಲ್ಲಿದ್ದರು. ಪೂಜೆಯನ್ನು ಅರ್ಧಕ್ಕೆ ಬಿಟ್ಟು ಎದ್ದದ್ದು ಅವರ ಬಾಳಿನಲ್ಲಿ ಅದೇ ಮೊದಲು. ಆ ಮನೆಯವರೇ ತಮ್ಮ ಜೀಪಿನಲ್ಲಿ ನಮ್ಮನ್ನು ಸೋಲಾಪುರಕ್ಕೆ ಮುಟ್ಟಿಸಿದರು.

ಅಲ್ಲಿ ಡಾಕ್ಟರು ನನ್ನನ್ನು, ಯಜಮಾನರನ್ನು, ಅವ್ವನನ್ನು ಮೂವರನ್ನೂ ಕೂರಿಸಿಕೊಂಡರು. ಅಕ್ಕಲಕೋಟೆ ಕಡೆಯವರು, ನಮ್ಮ ಹಾಗೆ ಕನ್ನಡವನ್ನೇ ಆಡುತ್ತಿದ್ದರು.

“ನೋಡ್ರಿ, ಸುಳ್ಳು ಹೇಳಂಗಿಲ್ಲ. ಕೊಡೋರು ಅಪಘಾತದಾಗ ಬ್ರೇನ್ ಡೆಡ್ ಆಗ್ಯಾರ. ಮೈ ಜಜ್ಜಿ, ಬಿ.ಪಿ. ಇಳದು, ಅವರ ಕಿಡ್ನಿಗೂ ಪೆಟ್ಟು ಬಿದ್ದದ. ಅಕ್ಯೂಟ್ ಕಿಡ್ನಿ ಇಂಜುರಿ ಅಂತೀವಿ. ರಕ್ತದಾಗಿನ ಕಸ, ಕ್ರಿಯಾಟಿನಿನ್, ಭಾಳ ಏರ್ಯದ.”

“ಅಂದ್ರ ಖರಾಬ್ ಆಗಿದ್ದೇ ಅಲ್ರಿ ಸಾಹೇಬ್ರ?” ಅವ್ವ ಕೇಳಿದಳು.

“ಖರಾಬ್ ಅಲ್ಲವ್ವ. ಕೊಡೋರು ಸಣ್ಣ ವಯಸ್ಸಿನೋರು, ಮೊದಲ ಕಿಡ್ನಿ ಚಲೋನೇ ಇದ್ದವು. ತುಣುಕು ತಗದು ಬಯಾಪ್ಸಿ ಮಾಡಿ ನೋಡೀವಿ, ಒಳಗಿಂದು ಉಳದದ. ಪೆಟ್ಟಿಗೆ ಬೇಹೋಶ್ ಆಗ್ಯಾವ, ಅಷ್ಟೇ. ಹಾಕಿದ ಮ್ಯಾಲ ಇಂಥವು ಬಹುತೇಕ ಎಚ್ಚರ ಆಗ್ತಾವ. ಖರೇ, ಜಲ್ದಿ ಆಗಂಗಿಲ್ಲ. ಅಲ್ಲೀತನಕ ಡಯಾಲಿಸಿಸ್ ತಪ್ಪಂಗಿಲ್ಲ.” ನನ್ನ ಕಡೆ ನೋಡಿ ಹೇಳಿದರು: “ಒಂದೊಂದು ಎಚ್ಚರನೇ ಆಗಂಗಿಲ್ಲ. ಇದನ್ನ ತಿಳಕೊಂಡೇ ಹೂಂ ಅನ್ರಿ. ಪಟ್ಟಿದಾಗ ನಿಮಗಿಂತ ಮೊದಲಿದ್ದೋರು ಬ್ಯಾಡ ಅಂದಾರ.”

ಹೊರಗೆ ಬಂದಮೇಲೆ ಅವ್ವ ಅಳಿಯನ ಮುಂದೆ ಕೈಮುಗಿದಳು. “ಮಂದಿ ಬ್ಯಾಡಂದಿದ್ದು ನನ್ನ ಮಗಳಿಗ್ಯಾಕ್ರಿ ಅಯ್ಯನೋರೆ? ಇನ್ನೊಂದು ಸಿಗತದ, ಕಾಯೋಣ್ರಿ.”

ಯಜಮಾನರು ನನ್ನ ಕಡೆ ತಿರುಗಿದರು. “ಶಾಂತಾ, ಮೈ ನಿಂದು. ನೀ ಹೇಳು.”

ಕಾಯುವುದಕ್ಕೆ ನನ್ನ ಮೈಯಲ್ಲಿ ಜಾಗ ಉಳಿದಿರಲಿಲ್ಲ. “ಹೂಂ ಅನ್ರಿ,” ಎಂದೆ.

ಆ ದಾನಿಯ ಇನ್ನೊಂದು ಕಿಡ್ನಿಗೆ ಹೂಂ ಎಂದವರು ಉದಗೀರದ ಸಂಗಪ್ಪ. ಸರಕಾರಿ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರೂ ಅವರ ಹೆಂಡತಿ ಕಮಲಬಾಯಿಯೂ ನಮ್ಮ ಪಕ್ಕದ ಬೆಂಚಿನಲ್ಲೇ ಕೂತಿದ್ದರು; ನಾನು ಅವರನ್ನು ಕಾಕಾ, ಕಾಕು ಎಂದು ಕರೆಯತೊಡಗಿದೆ. ಯಾವುದು ಯಾರ ಕಿಡ್ನಿ ಎಂದು ಆಸ್ಪತ್ರೆಯವರು ಹೇಳುವುದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಇಬ್ಬರಿಗೂ ಒಂದೇ ಮಾತು ಹೇಳಿದ್ದರು, ಇಬ್ಬರನ್ನೂ ಒಂದೇ ದಿನ ಆಪರೇಷನ್‌ಗೆ ಒಳಗೆ ಕರೆದೊಯ್ದರು.

ಎಚ್ಚರವಾದಾಗ ಬಾಯಿ ಒಣಗಿತ್ತು. ನಾನು ಮೊದಲು ಕೇಳಿದ್ದು ಮೂತ್ರದ ಚೀಲದ ಬಗ್ಗೆ.

ಖಾಲಿ.

ಮರುದಿನವೂ ಖಾಲಿ. ಡಾಕ್ಟರು ಮೊದಲೇ ಹೇಳಿದ್ದರು, ನಿಜ. ಕೇಳುವುದು ಬೇರೆ, ಆ ಚಪ್ಪಟೆ ಚೀಲವನ್ನು ನೋಡುತ್ತ ಮಲಗುವುದು ಬೇರೆ. ಹೊಟ್ಟೆಯ ಬಲಗಡೆ ಹೊಲಿಗೆ, ಅದರ ಕೆಳಗೆ ಯಾರದೋ ಕಿಡ್ನಿ, ಪಕ್ಕದಲ್ಲಿ ಮತ್ತೆ ಅದೇ ಡಯಾಲಿಸಿಸ್ ಮಷಿನ್.

ಸಂಗಪ್ಪ ಕಾಕಾನ ಕಿಡ್ನಿ ಆ ವಾರವೇ ಎಚ್ಚರವಾಯಿತು. ಪಕ್ಕದ ಕೋಣೆಯಿಂದ ಫೋನ್ ಮಾಡಿದರು. “ತಂಗೀ, ನಮ್ಮ ಗಾಡಿ ಸುರು ಆತು ನೋಡವ್ವ. ನಿಂದು ಹಿಂದಿನ ಸ್ಟ್ಯಾಂಡಿನ್ಯಾಗ ನಿಂತದ. ಬರತದ ತಗೋ, ಫಿಕರ್ ಮಾಡಬ್ಯಾಡ.”

ನನಗೆ ಖುಷಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಫೋನ್ ಇಟ್ಟು ಗೋಡೆ ಕಡೆ ಹೊರಳಿದೆ.

ನನ್ನದಕ್ಕೆ ಸೂಜಿ ಹಾಕಿ ಬಯಾಪ್ಸಿ ಮಾಡಿದರು. “ಮೈ ಇದನ್ನ ಒಲ್ಲೆ ಅಂದಿಲ್ಲ. ರಿಜೆಕ್ಷನ್ ಇಲ್ಲ,” ಎಂದರು ಡಾಕ್ಟರು. “ಪೆಟ್ಟು ಇನ್ನಾ ಮಾಯ್ದಿಲ್ಲ. ನಾವೂ ಕಾಯೋದೇ.” ಅವ್ವ ಗಾಜಿನ ಆಚೆ ನಿಂತು ಒಳಗೆ ನೋಡುವಳು, ನಾನು ಕಣ್ಣು ತೆರೆದರೆ ಸೆರಗು ಸರಿಮಾಡಿಕೊಂಡು ನಗುವಳು.

ಕಾಕಾ ಮನೆಗೆ ಹೋದರು. ನಾನು ಅಲ್ಲೇ ಉಳಿದೆ. ಕೆಲವು ದಿನಗಳಲ್ಲೇ ಅವರನ್ನು ಮತ್ತೆ ಕರೆತಂದರು. ಈ ಸಲ ಸ್ಟ್ರೆಚರ್ ಮೇಲೆ. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಿರಲಿ ಎಂದು ಕೊಡುವ ಮಾತ್ರೆ ಮೈಯ ಕಾವಲನ್ನೇ ಕುಗ್ಗಿಸುತ್ತದೆ. ಅವರ ಪುಪ್ಪುಸಕ್ಕೆ ಸೋಂಕು ಇಳಿದಿತ್ತು. ಐಸಿಯು, ವೆಂಟಿಲೇಟರ್.

ಕಾಕಾ ಏಳಲಿಲ್ಲ.

ಕಿಡ್ನಿ ಮಾತ್ರ ಕೊನೆಯವರೆಗೂ ಕೆಲಸ ಮಾಡುತ್ತಿತ್ತಂತೆ. ಹಾಗೆಂದು ಕಮಲ ಕಾಕು ವರಾಂಡದಲ್ಲಿ ನಮ್ಮ ಯಜಮಾನರಿಗೆ ಹೇಳಿ ಹೋದರು. “ಅದರದೇನ್ ತಪ್ಪಿಲ್ರಿ ಅಯ್ಯನೋರೆ. ಅದು ಚಲೋ ಇತ್ತು.”

ಅದಾದ ಕೆಲವು ದಿನಕ್ಕೆ, ಊಟದ ಹೊತ್ತಿನಲ್ಲಿ, ನರ್ಸ್ ನನ್ನ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದಳು. ತಳದಲ್ಲಿ ನಾಲ್ಕು ಚಮಚೆಯಷ್ಟು ನೀರು. ಮರುದಿನ ಒಂದು ಬಟ್ಟಲು. ಅವ್ವ ವರಾಂಡದ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಳು ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಹೊಸಬರಿದ್ದರು.

ಡಯಾಲಿಸಿಸ್ ನಿಂತಿತು. ಮನೆಗೆ ಬಂದೆ. ಬೇರೆಯವರಿಗೆ ಇಳಿದಷ್ಟು ಕ್ರಿಯಾಟಿನಿನ್ ನನಗೆ ಇಳಿದಿಲ್ಲ. ಒಂದು ಕಡೆ ನಿಂತಿದೆ. ಎಷ್ಟು ವರ್ಷ ನಡೆಯುತ್ತದೆ ಎಂದು ಕೇಳಿದರೆ ಡಾಕ್ಟರು, “ನಡೀಲಿ, ನೋಡೋಣ,” ಎನ್ನುತ್ತಾರೆ. ಮುಖಕ್ಕೆ ಮಾಸ್ಕ್. ಬೇರೆ ಕೋಣೆ. ಮಾತ್ರೆಯಿಂದ ಕೈ ನಡುಗುತ್ತದೆ, ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಕುದಿಸದ ನೀರು ಕೂಡದು ಎಂದಿದ್ದಾರೆ. ಹಾಗಾಗಿ ಯಜಮಾನರು ಪೂಜೆಯ ನೀರನ್ನೇ ಮೊದಲು ಕುದಿಸಿ, ಆರಿಸಿ, ಅದರಿಂದ ನನಗೆ ತೀರ್ಥ ಮಾಡುತ್ತಾರೆ. ಪೂಜೆ ಮುಗಿದಮೇಲೆ ಹೆಸರು ಗೊತ್ತಿಲ್ಲದ ಆ ದಾನಿಗಾಗಿ ಇನ್ನೊಂದು ಪತ್ರೆ ಏರಿಸುತ್ತಾರೆ. ಅವರು ಗಂಡೋ ಹೆಣ್ಣೋ ನಮಗೆ ಗೊತ್ತಿಲ್ಲ. ಅವರ ಮನೆಯಲ್ಲಿ ಆ ದಿನ ಯಾರು ಹೂಂ ಎಂದರೋ, ಎಂಥ ಸಂಕಟದಲ್ಲಿ ಎಂದರೋ.

ಹೋದ ತಿಂಗಳು ಕಮಲ ಕಾಕು ಉದಗೀರದಿಂದ ಬಂದರು. ಬರುತ್ತೇನೆಂದು ಹೇಳಿರಲಿಲ್ಲ. ಯಾರೂ ಹೇಳದೆಯೇ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದರು, ಚೀಲದಿಂದ ಮಾಸ್ಕ್ ತೆಗೆದು ಕಟ್ಟಿಕೊಂಡರು. ರೋಗಿಯನ್ನು ನೋಡಿಕೊಂಡವರ ರೂಢಿ. ಅವರ ಮನೆಯಲ್ಲಿ ಈಗ ಅದರ ಅಗತ್ಯವಿಲ್ಲ.

ಸ್ವಲ್ಪ ಹೊತ್ತು ಸೊಸೆಯ ಬಗ್ಗೆ, ಮಳೆಯ ಬಗ್ಗೆ ಮಾತಾಡಿದರು. ಆಮೇಲೆ ಕೇಳಿದರು: “ಶಾಂತಾ, ಒಂದ್ ಸಲ ಕೈ ಇಟ್ಟು ನೋಡ್ಲೇನವ್ವ?”

ಅರ್ಥವಾಯಿತು. ಸೀರೆ ಸರಿಸಿದೆ. ಹೊಲಿಗೆಯ ಕಲೆಯ ಪಕ್ಕ, ಚರ್ಮದ ಕೆಳಗೇ, ಅದು ಉಬ್ಬಿ ಮುಟ್ಟಿದರೆ ಗೊತ್ತಾಗುವಂತಿದೆ. ಕಾಕು ಅಂಗೈ ಇಟ್ಟರು. ಒತ್ತಲಿಲ್ಲ. ಹೊರಗೆ ಟ್ರ್ಯಾಕ್ಟರ್ ಒಂದು ಬಂದು, ಸದ್ದು ಮಾಡಿ, ಹೋಯಿತು. ಅವರು ಕೈ ತೆಗೆಯಲಿಲ್ಲ.

“ಅವರದೂ ಇಷ್ಟೇ ಇತ್ತು,” ಎಂದರು. “ಹಿಂಗೇ ಬೆಚ್ಚಗಿತ್ತು.”

ನಾನು ಅವರ ಕೈಯ ಮೇಲೆ ನನ್ನ ಕೈ ಇಟ್ಟೆ. ನನ್ನದು ನಡುಗುತ್ತಿತ್ತು. ಅವರದು ನಡುಗುತ್ತಿರಲಿಲ್ಲ.